ದಂಡಿನ ಹೊಟ್ಟೆಯ ಲೆಕ್ಕ: ಕೊಡಗಿನ ಅಕ್ಕಿ, ಶ್ರೀರಂಗಪಟ್ಟಣದ ಹಸಿವು

ಚದುರಂಗದ ಹಾಸಿನ ಮೇಲೆ ಆನೆ ಇದೆ, ಕುದುರೆ ಇದೆ, ಕಾಲಾಳು ಇದ್ದಾನೆ. ಆಟ ಎಷ್ಟು ಹೊತ್ತು ನಡೆದರೂ ಆನೆಗೆ ಸೊಪ್ಪು ಬೇಡ, ಕುದುರೆಗೆ ಹುರುಳಿ ಬೇಡ, ಕಾಲಾಳಿಗೆ ಅನ್ನ ಬೇಡ. ಚದುರಂಗಕ್ಕೂ ನಿಜವಾದ ಯುದ್ಧಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಷ್ಯದ ಸೇನಾಧಿಕಾರಿಗಳು ನಕಾಶೆಯ ಮೇಲೆ ಆಡುವ ಯುದ್ಧದಾಟವೊಂದನ್ನು ರೂಪಿಸಿದರು. ಅದರ ಸಂತತಿ ಇಂದು ಕಂಪ್ಯೂಟರಿನ ಪರದೆಯ ಮೇಲೂ ಬೆಳೆದಿದೆ. ಹಳೆಯ ಕದನಗಳನ್ನು ಮತ್ತೆ ಆಡಿ ನೋಡುವ ಇಂಥ ಆಟಗಳನ್ನು ಕಟ್ಟುವವರಿಗೆ ಫಿರಂಗಿ ಎಷ್ಟು ದೂರ ಹೊಡೆಯುತ್ತದೆ ಎಂದು ತಿಳಿಯುವುದು ಕಷ್ಟವಲ್ಲ. ಕಷ್ಟವಾಗುವುದು ಇನ್ನೊಂದು ಪ್ರಶ್ನೆ: ಈ ದಂಡು ದಿನಕ್ಕೆ ಎಷ್ಟು ತಿನ್ನುತ್ತದೆ?

ಅಂದಾಜು ಕಡಿಮೆಯಾದರೆ ಹಾಸಿನ ಮೇಲಿನ ಸೈನ್ಯ ರೆಕ್ಕೆ ಬಂದಂತೆ ಓಡಾಡುತ್ತದೆ. ಹೆಚ್ಚಾದರೆ ಗಡಿ ದಾಟುವ ಮೊದಲೇ ಸಾಯುತ್ತದೆ. ಸರಿಯಾದ ಲೆಕ್ಕ ಬೇಕಿದ್ದರೆ ನೆಪೋಲಿಯನ್ ಹೋದ ರಷ್ಯಾದವರೆಗೆ ಹೋಗಬೇಕಾಗಿಲ್ಲ. ಕಣ್ಣೂರಿನಿಂದ ಹೆಗ್ಗಳ ಘಟ್ಟ ಹತ್ತಿ, ವಿರಾಜಪೇಟೆ ದಾಟಿ, ಪಿರಿಯಾಪಟ್ಟಣದ ಮೂಲಕ ಶ್ರೀರಂಗಪಟ್ಟಣಕ್ಕೆ ಇಳಿಯುವ ದಾರಿ ಸಾಕು. 1791ರಲ್ಲಿ, 1792ರಲ್ಲಿ, ಮತ್ತೆ 1799ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬೊಂಬಾಯಿ ಸೈನ್ಯ ಇದೇ ದಾರಿಯಲ್ಲಿ ಬಂತು. ಟಿಪ್ಪು ಸುಲ್ತಾನನ ರಾಜಧಾನಿಯ ಮುಂದೆ ಎರಡು ಸಲ ಕಂಪನಿಯ ದೊಡ್ಡ ದಂಡು ಹಸಿವಿನ ದವಡೆಗೆ ಸಿಕ್ಕಿತು. ಎರಡನೆಯ ಸಲವಂತೂ ಬೇಕಾದ ಅಕ್ಕಿ ಕೊಡಗಿನಲ್ಲಿ ಬಿದ್ದಿತ್ತು. ಅದನ್ನು ತರುವ ದಾರಿ ಮಾತ್ರ ಇರಲಿಲ್ಲ.

ಒಂದು ಸೇರು, ಒಂದು ಎತ್ತು

ಲೆಕ್ಕವನ್ನು ಬಿಡಿಬಿಡಿಯಾಗಿ ನೋಡೋಣ. ಆ ಕಾಲದ ಸಿಪಾಯಿಗೆ ದಿನವೊಂದಕ್ಕೆ ಒಂದು ಸೇರು ಅಕ್ಕಿ ಎಂಬುದು ಸಾಮಾನ್ಯ ಪಡಿ. ಸೇರೆಂದರೆ ಹೆಚ್ಚುಕಡಿಮೆ ಒಂದು ಕಿಲೋ ಎಂದು ಹಿಡಿಯಬಹುದು. ಐರೋಪ್ಯ ಸೈನಿಕನಿಗೆ ಇದರ ಮೇಲೆ ಮಾಂಸ, ಸಾರಾಯಿ. ಇಪ್ಪತ್ತು ಸಾವಿರ ಮಂದಿಯ ಸೈನ್ಯಕ್ಕೆ ಅಕ್ಕಿಯೊಂದೇ ದಿನಕ್ಕೆ 20,000 ಸೇರು. ಬೆನ್ನ ಮೇಲೆ ಗೋಣಿ ಹೇರಿಸಿಕೊಂಡು ನಡೆಯುವ ಹೇರೆತ್ತು 70 ಸೇರು ಹೊರುತ್ತದೆ ಎಂದಿಟ್ಟುಕೊಂಡರೆ, ಒಂದು ದಿನದ ಅಕ್ಕಿಗೆ ಸುಮಾರು 290 ಎತ್ತು ಬೇಕು. ಒಂದು ತಿಂಗಳ ಅಕ್ಕಿಗೆ ಎಂಟೂವರೆ ಸಾವಿರ.

ಇದು ಕಾಲಾಳಿನ ಪಾಲು ಮಾತ್ರ. ಕುದುರೆಗೆ ಹುಲ್ಲಿನ ಜೊತೆಗೆ ಹುರುಳಿಯೋ ಕಡಲೆಯೋ ಬೇಕು. ದಿನಕ್ಕೆ ನಾಲ್ಕು ಸೇರೆಂದು ಹಿಡಿದರೂ ಹತ್ತು ಸಾವಿರ ಕುದುರೆಗಳಿಗೆ 40,000 ಸೇರು, ಅಂದರೆ 570 ಎತ್ತುಗಳ ಹೇರು. ಇಪ್ಪತ್ತು ಸಾವಿರ ಕಾಲಾಳುಗಳಿಗಿಂತ ಹತ್ತು ಸಾವಿರ ಕುದುರೆಗಳು ಎರಡರಷ್ಟು ತಿನ್ನುತ್ತವೆ. ನಿಜಾಮನ ಹತ್ತು ಸಾವಿರ ಸವಾರರು 1791ರ ಏಪ್ರಿಲ್‌ನಲ್ಲಿ ಬಂದು ಸೇರಿದಾಗ ಕಂಪನಿಯ ಪಾಳೆಯಕ್ಕೆ ಎಷ್ಟು ಬಲ ಬಂತೋ ಅದಕ್ಕಿಂತ ಹೆಚ್ಚು ಬಾಯಿ ಬಂತು.

ಹೋರಾಡುವವರ ಹಿಂದೆ ಹೋರಾಡದವರ ಸಾಲೇ ಇರುತ್ತಿತ್ತು. ಹುಲ್ಲು ಕೊಯ್ಯುವವರು, ಡೋಲಿ ಹೊರುವವರು, ಅಡುಗೆಯವರು, ಅಗಸರು, ಅಂಗಡಿಯವರು, ಸಿಪಾಯಿಗಳ ಹೆಂಡಿರು ಮಕ್ಕಳು ಎಲ್ಲರೂ ದಂಡಿನ ಜೊತೆಗೇ ನಡೆಯುತ್ತಿದ್ದರು. ಒಬ್ಬ ಸೈನಿಕನಿಗೆ ಮೂರು ನಾಲ್ಕು ಮಂದಿ ಹಿಂಬಾಲಕರಿರುವುದು ಆಗ ಸಾಮಾನ್ಯ. ಇವರಲ್ಲಿ ಬಹುಮಂದಿಗೆ ಸರ್ಕಾರದ ಪಡಿ ಇರಲಿಲ್ಲ. ದಂಡಿನ ಸಂತೆಯಲ್ಲಿ ಕೊಂಡು ತಿನ್ನಬೇಕಿತ್ತು. ಸಂತೆಯಲ್ಲಿ ಅಕ್ಕಿ ಮುಗಿದರೆ ಮೊದಲು ಹಸಿಯುತ್ತಿದ್ದವರೂ ಇವರೇ.

ಇನ್ನು ಎತ್ತಿನ ಸ್ವಂತ ಹೊಟ್ಟೆ. ಹೇರೆತ್ತು ದಿನಕ್ಕೆ ಹದಿನೈದು ಕಿಲೋಮೀಟರ್ ನಡೆಯುತ್ತದೆ ಎಂದುಕೊಳ್ಳಿ. ನೂರೈವತ್ತು ಕಿಲೋಮೀಟರ್ ದೂರದ ಪಾಳೆಯಕ್ಕೆ ಹೋಗಲು ಹತ್ತು ದಿನ, ಬರಲು ಹತ್ತು ದಿನ. ನಾಲ್ಕು ಎತ್ತಿಗೆ ಒಬ್ಬ ಹೊಡೆಯುವವನಿದ್ದರೆ ನಾಲ್ಕೂ ಸೇರಿ 280 ಸೇರು ಹೊರುತ್ತವೆ. ಆಳಿನ ಊಟಕ್ಕೆ ಇಪ್ಪತ್ತು ಸೇರು ಹೋಗುತ್ತದೆ. ದಾರಿಯುದ್ದಕ್ಕೂ ಹುಲ್ಲಿದ್ದರೆ ಉಳಿದ 260 ಸೇರು ಪಾಳೆಯಕ್ಕೆ ಸೇರಿದಂತೆಯೇ. ಹುಲ್ಲಿಲ್ಲದೆ ಎತ್ತಿಗೂ ದಿನಕ್ಕೆ ಎರಡು ಸೇರು ಕಾಳು ಹಾಕಬೇಕಾಗಿ ಬಂದರೆ 160 ಸೇರು ಅದಕ್ಕೇ ಖರ್ಚು. ಪಾಳೆಯಕ್ಕೆ ಉಳಿಯುವುದು ಬರೀ ನೂರು ಸೇರು.

ಟಿಪ್ಪುವಿನ ಸವಾರರು ಶತ್ರುವಿನ ದಾರಿಯಲ್ಲಿ ಹುಲ್ಲು ಸುಟ್ಟದ್ದೂ, ಹಳ್ಳಿಗಳನ್ನು ತೆರವು ಮಾಡಿಸಿದ್ದೂ ಈ ಲೆಕ್ಕ ಅರಿತೇ. ಹುಲ್ಲಿಗೆ ಬೆಂಕಿ ಬಿದ್ದರೆ ಅಕ್ಕಿಯೂ ಅರ್ಧಕ್ಕಿಂತ ಹೆಚ್ಚು ಸುಟ್ಟ ಹಾಗೆಯೇ. ಮೈಸೂರಿನ ಕಡೆ ಈ ವಿದ್ಯೆ ಹಳೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳನ್ನು ಹೈದರಾಲಿ ಸೈನ್ಯಕ್ಕೆ ಬಳಸಿದ. ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟು, ಕಾವಲುಗಳನ್ನು ಗೊತ್ತು ಮಾಡಿ, ಸಾಕಣೆಗೆ ನಿಯಮ ಬರೆಸಿದ. ಗಾಡಿ ಎಳೆಯಲು ಬೆಳೆಸಿದ ಆ ಎತ್ತುಗಳ ಓಟವೇ ಮೈಸೂರು ಸೈನ್ಯದ ವೇಗದ ಗುಟ್ಟು. ಕಂಪನಿಯದು ಸಿಕ್ಕಲ್ಲಿ ಸಿಕ್ಕಷ್ಟು ಬಾಡಿಗೆಗೆ ಹಿಡಿದ ಎತ್ತು.

ಉಗ್ರಾಣದ ಬಾಗಿಲು ಕೊಡಗು

ಕೊಡಗು ಈ ಲೆಕ್ಕದೊಳಗೆ ಬಂದದ್ದು ತನ್ನ ನೆಲೆಯ ಕಾರಣಕ್ಕೆ. ಬೊಂಬಾಯಿಯಿಂದ ಹಡಗಿನಲ್ಲಿ ಬಂದ ಸೈನ್ಯ ಇಳಿಯುವುದು ತಲಚೇರಿ, ಕಣ್ಣೂರುಗಳಲ್ಲಿ. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹತ್ತಿರದ ದಾರಿ ಕೊಡಗಿನ ಕಾಡಿನ ಮೂಲಕ. ಆ ದಾರಿಯ ಒಡೆಯ ದೊಡ್ಡವೀರರಾಜೇಂದ್ರ.

1785ರಲ್ಲಿ ಟಿಪ್ಪುವಿನ ಸೈನ್ಯ ಕೊಡಗನ್ನು ಹಿಡಿದು, ಸಾವಿರಾರು ಜನರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿತ್ತು. ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ವೀರರಾಜೇಂದ್ರ 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮತ್ತೆ ಕೈಗೆ ತಂದುಕೊಂಡ. 1790ರ ಅಕ್ಟೋಬರ್‌ನಲ್ಲಿ ಅವನಿಗೂ ಕಂಪನಿಗೂ ಒಪ್ಪಂದವಾಯಿತು. ಟಿಪ್ಪು ಇಬ್ಬರಿಗೂ ಶತ್ರು, ಕೊಡಗಿನ ಸ್ವಾತಂತ್ರ್ಯಕ್ಕೆ ಕಂಪನಿ ಹೊಣೆ ಎಂಬ ಮಾತುಗಳ ಜೊತೆಗೆ ಆ ಒಪ್ಪಂದದಲ್ಲಿ ಇನ್ನೊಂದು ಕಲಮು ಇತ್ತು: ತನ್ನ ನಾಡಿನಲ್ಲಿ ಸಿಗುವ ದಿನಸಿಯನ್ನು ರಾಜ ಕಂಪನಿಗೆ ಒದಗಿಸಬೇಕು. ಸ್ನೇಹದ ಪತ್ರದಲ್ಲಿ ಅಕ್ಕಿಗೂ ಒಂದು ಸಾಲು ಸಿಕ್ಕಿತ್ತು.

ದಿನಸಿಯ ಲೆಕ್ಕದಲ್ಲಿ ವೀರರಾಜೇಂದ್ರನೂ ಹೊಸಬನಲ್ಲ. ಆ ಸುಮಾರಿಗೇ ನಡೆದ ಒಂದು ಪ್ರಸಂಗ ಇದಕ್ಕೆ ಸಾಕ್ಷಿ. ಮಡಿಕೇರಿ ಕೋಟೆ ಇನ್ನೂ ಟಿಪ್ಪುವಿನ ಕಡೆಯವರ ಕೈಯಲ್ಲಿತ್ತು; ಕೊಡಗರು ಸುತ್ತುಗಟ್ಟಿದ್ದರು. ಒಳಗಿನವರಿಗೆ ದಿನಸಿ ತಲುಪಿಸಲು ಖಾದರ್ ಖಾನ್ ಎಂಬ ಸರದಾರ ಪಡೆಯೊಂದಿಗೆ ಬಂದು ದಾರಿಯಲ್ಲಿ ರಾಜನ ಮುತ್ತಿಗೆಗೆ ಸಿಕ್ಕಿಬಿದ್ದ. ಆದರೆ ಈ ಖಾನ್ ಹಿಂದೆ ಪಿರಿಯಾಪಟ್ಟಣದ ಸೆರೆಯಲ್ಲಿ ರಾಜನ ಮನೆಯವರನ್ನು ಮರ್ಯಾದೆಯಿಂದ ನಡೆಸಿಕೊಂಡಿದ್ದವನು. ಆ ಉಪಕಾರ ನೆನೆದು ರಾಜ ಅವನನ್ನೂ ಅವನ ದಿನಸಿಯನ್ನೂ ಕೋಟೆಯೊಳಕ್ಕೆ ಹೋಗಲು ಬಿಟ್ಟ.

ಮೇಲ್ನೋಟಕ್ಕೆ ಗೆದ್ದ ಆಟ ಕೈಬಿಟ್ಟ ಹಾಗೆ. ಆದರೆ ಕೋಟೆಯೊಳಗೆ ದಿನಸಿಯ ಜೊತೆಗೆ ಹೊಸ ಬಾಯಿಗಳೂ ಹೋದವು. ಬಂದವರೂ ಇದ್ದವರೂ ಸೇರಿ ಉಂಡು ಉಗ್ರಾಣ ಬೇಗನೆ ಬರಿದಾಯಿತು. ಖಾನನ ಮಾನಕ್ಕೆ ಕುಂದಿಲ್ಲದೆ ಕೋಟೆ ರಾಜನ ವಶವಾಯಿತು. ಋಣವೂ ತೀರಿತು, ಮಡಿಕೇರಿಯೂ ದಕ್ಕಿತು. ಕೋಟೆಗೆ ಬರುವ ಸಹಾಯ ಎಷ್ಟು ಅಕ್ಕಿ ತಂದಿತು ಎಂದಷ್ಟೇ ನೋಡಿದರೆ ಸಾಲದು, ಎಷ್ಟು ಬಾಯಿ ತಂದಿತು ಎಂದೂ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

1791: ಗೆದ್ದು ಸೋತ ಮೇ ತಿಂಗಳು

1791ರ ಆರಂಭದಲ್ಲಿ ಬೊಂಬಾಯಿಯ ಗವರ್ನರೂ ಸೇನಾಧಿಪತಿಯೂ ಆಗಿದ್ದ ಜನರಲ್ ಅಬರ್‌ಕ್ರಾಂಬಿ ಘಟ್ಟ ಹತ್ತಿ ಕೊಡಗಿಗೆ ಬಂದ. ರಾಜ ಅವನನ್ನು ಎದುರುಗೊಂಡ ನೆನಪಿಗೆ ಮರುವರ್ಷ ಕಟ್ಟಿಸಿದ ಊರೇ ವೀರರಾಜೇಂದ್ರಪೇಟೆ, ಇಂದಿನ ವಿರಾಜಪೇಟೆ.

ಬಂದ ತಿಂಗಳನ್ನು ಗಮನಿಸಬೇಕು. ಕೊಡಗಿನಲ್ಲಿ ಪುತ್ತರಿಯ ಕದಿರು ತೆಗೆಯುವುದು ನವೆಂಬರ್ ಕೊನೆ, ಡಿಸೆಂಬರ್ ಹೊತ್ತಿಗೆ. ಕಟಾವು, ಬಡಿತ ಮುಗಿದು ಕಣಜ ತುಂಬಿದಾಗ ಜನವರಿ ಕಳೆದಿರುತ್ತದೆ. ಫೆಬ್ರುವರಿಯಿಂದ ಮೇವರೆಗೆ ಕಣಜದಲ್ಲಿ ಬತ್ತ ಇರುತ್ತದೆ, ಕಾವೇರಿಯಲ್ಲಿ ನೀರು ಇಳಿದಿರುತ್ತದೆ, ಘಟ್ಟದ ದಾರಿ ಒಣಗಿರುತ್ತದೆ. ಜೂನ್ ಮಳೆ ಹಿಡಿಯಿತೆಂದರೆ ಈ ಮೂರೂ ತಿರುವುಮುರುವು. ಶ್ರೀರಂಗಪಟ್ಟಣದ ಮೇಲೆ ಬರುವವರಿಗೆಲ್ಲ ಕೈಯಲ್ಲಿದ್ದದ್ದು ಈ ನಾಲ್ಕು ತಿಂಗಳು.

ಗವರ್ನರ್ ಜನರಲ್ ಲಾರ್ಡ್ ಕಾರ್ನ್‌ವಾಲಿಸ್ ಅದರಲ್ಲಿ ಬಹುಪಾಲು ಕಳೆದುಕೊಂಡಿದ್ದ. ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದ ಅವನು ರಾಜಧಾನಿಯತ್ತ ಹೊರಟದ್ದು ಮೇ ಮೊದಲ ವಾರದಲ್ಲಿ. ಕನಕಪುರದ ಕಡೆಯ ಕಾಡುದಾರಿ ಹಿಡಿದ. ಟಿಪ್ಪುವಿನ ಸವಾರರು ಮುಂದಿನ ಹಳ್ಳಿಗಳನ್ನು ಬರಿದು ಮಾಡಿಟ್ಟಿದ್ದರು. ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ಎಳೆಯುವ ಎತ್ತುಗಳು ಮೇವಿಲ್ಲದೆ ದಾರಿಯುದ್ದಕ್ಕೂ ಬಿದ್ದವು. ಮೇ 13ರಂದು ಅರಕೆರೆ ತಲುಪಿ, 15ರಂದು ನಡೆದ ಕದನದಲ್ಲಿ ಕಾರ್ನ್‌ವಾಲಿಸ್ ಗೆದ್ದ. ಆದರೆ ಮುತ್ತಿಗೆ ಹಾಕಲು ಫಿರಂಗಿ ಎಳೆಯುವ ಎತ್ತಿಲ್ಲ, ಕಾದು ಕೂರಲು ಅಕ್ಕಿಯಿಲ್ಲ.

ಅತ್ತ ಅಬರ್‌ಕ್ರಾಂಬಿ ಕೊಡಗು ದಾಟಿ ಪಿರಿಯಾಪಟ್ಟಣಕ್ಕೆ ಬಂದಿದ್ದ. ಅವನನ್ನು ಕೂಡಿಕೊಳ್ಳಲೆಂದು ಕಾರ್ನ್‌ವಾಲಿಸ್ ಕನ್ನಂಬಾಡಿಯವರೆಗೆ ಹೋದ. ಅಲ್ಲಿಗೆ ಅವನ ಲೆಕ್ಕ ಮುಗಿಯಿತು. ಹಿಂದಿರುಗುವಂತೆ ಅಬರ್‌ಕ್ರಾಂಬಿಗೆ ಹೇಳಿ ಕಳುಹಿಸಿ, ಮೇ 22ರಂದು ತನ್ನ ಮುತ್ತಿಗೆಯ ಫಿರಂಗಿಗಳನ್ನೆಲ್ಲ ತಾನೇ ಒಡೆಸಿಹಾಕಿದ. ಯುದ್ಧದಲ್ಲಿ ಗೆದ್ದ ವಾರದೊಳಗೆ ಸೇನಾಪತಿಯೊಬ್ಬ ತನ್ನ ಫಿರಂಗಿಗಳನ್ನು ತಾನೇ ನಾಶ ಮಾಡಿಸಿದ್ದು ಎತ್ತಿಗೆ ಹುಲ್ಲಿಲ್ಲದ ಕಾರಣಕ್ಕೆ. ಇಂದು ಕನ್ನಂಬಾಡಿಯೆಂದರೆ ಕೃಷ್ಣರಾಜಸಾಗರ. ಹಳೆಯ ಊರು ಅಣೆಕಟ್ಟಿನ ನೀರಿನಡಿ ಸೇರಿದೆ.

ಬೊಂಬಾಯಿ ಸೈನ್ಯ ಮಳೆಯ ಮುನ್ಸೂಚನೆಯಲ್ಲೇ ಕೊಡಗಿನ ಕಾಡಿನೊಳಗೆ ಹಿಂದೆ ಸರಿದು ಮಲಬಾರಿಗೆ ಇಳಿಯಿತು. ಕಾರ್ನ್‌ವಾಲಿಸನ ದಂಡು ಹಸಿದುಕೊಂಡು ಬೆಂಗಳೂರಿನತ್ತ ಹೊರಟಾಗ ಮೇಲುಕೋಟೆಯ ಬಳಿ ಇದ್ದಕ್ಕಿದ್ದಂತೆ ಮರಾಠಾ ಸವಾರರು ಕಾಣಿಸಿಕೊಂಡರು. ಹರಿಪಂತ, ಪರಶುರಾಮ ಭಾವೂ ಅವರ ಸೈನ್ಯ ಅದು. ಟಿಪ್ಪುವಿನ ಸವಾರರು ಓಲೆಕಾರರನ್ನು ತಡೆದಿದ್ದರಿಂದ ಅವರು ಇಷ್ಟು ಹತ್ತಿರ ಬಂದಿದ್ದುದೇ ಕಂಪನಿಯವರಿಗೆ ಗೊತ್ತಿರಲಿಲ್ಲ. ಮರಾಠರ ದಂಡಿನ ಸಂತೆಯಲ್ಲಿ ಅಕ್ಕಿ, ಬೇಳೆಯಿಂದ ಹಿಡಿದು ಎಲ್ಲವೂ ಇತ್ತು. ಬೆಲೆ ಮಾತ್ರ ಹಸಿದವರಿಗೆ ಹೇಳುವ ಬೆಲೆ. ಕೆಲವೇ ದಿನ ಮೊದಲು ಸಿಕ್ಕಿದ್ದರೆ ಫಿರಂಗಿಗಳು ಉಳಿಯುತ್ತಿದ್ದವೇನೋ.

ಲಂಬಾಣಿಗಳ ಹೇರು

ಆ ಪಾಠ ವ್ಯರ್ಥವಾಗಲಿಲ್ಲ. ಮುಂದಿನ ತಿಂಗಳುಗಳಲ್ಲಿ ಕಂಪನಿ ಮೊದಲು ಮಾಡಿದ್ದು ಎತ್ತಿನ ಏರ್ಪಾಡು. ಕ್ಯಾಪ್ಟನ್ ಅಲೆಕ್ಸಾಂಡರ್ ರೀಡ್ ಲಂಬಾಣಿ ತಂಡಗಳನ್ನು ಗೊತ್ತುಮಾಡಿಕೊಂಡ. ದವಸ ಹೊತ್ತು ಮಾರುವುದೇ ಕುಲಕಸುಬಾದ ಲಂಬಾಣಿಗಳು ತಮ್ಮದೇ ಎತ್ತು, ತಮ್ಮದೇ ಬಂಡವಾಳ, ತಮ್ಮದೇ ಕಾವಲಿನೊಂದಿಗೆ ಸಾವಿರಾರು ಹೇರು ತಂದು ದಂಡಿನ ಸಂತೆಯಲ್ಲಿ ಮಾರುತ್ತಿದ್ದರು. ಸರ್ಕಾರದ ಎತ್ತು ಸತ್ತರೆ ಅಧಿಕಾರಿಗೆ ಒಂದು ಅಂಕಿ; ತನ್ನ ಎತ್ತು ಸತ್ತರೆ ಲಂಬಾಣಿಗೆ ಬದುಕೇ ಹೋದಂತೆ. ಹಾಗಾಗಿ ಅವನ ಎತ್ತು ಸಾಯುವುದು ಕಡಿಮೆ. ಎಲ್ಲಿ ಮೇವಿದೆ, ಎಲ್ಲಿ ನೀರಿದೆ ಎಂಬುದು ಅವನಿಗೆ ನಕಾಶೆಯಿಲ್ಲದೆ ತಿಳಿದಿತ್ತು.

1792ರ ಜನವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಹೊರಟ. ಫೆಬ್ರುವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಕೋಟೆಗಳ ಮೇಲೆ ಬಿದ್ದ. ಅಬರ್‌ಕ್ರಾಂಬಿ ಕೊಡಗಿನ ದಾರಿಯಲ್ಲೇ ಬಂದು ಫೆಬ್ರುವರಿ 16ರಂದು ಸೇರಿಕೊಂಡ. ಮಾರ್ಚ್‌ನಲ್ಲಿ ಸಂಧಿಯಾಯಿತು, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. ಹಿಂದಿನ ವರ್ಷ ಹೊಟ್ಟೆಗಿಲ್ಲದೆ ಹಿಂದಿರುಗಿದ ಅದೇ ಸೇನಾಪತಿ, ಅದೇ ಕೋಟೆ. ಬದಲಾದದ್ದರಲ್ಲಿ ಮುಖ್ಯವಾದದ್ದು ಎರಡು: ಹೊರಟ ತಿಂಗಳು ಮತ್ತು ಹಿಂದೆ ಬರುತ್ತಿದ್ದ ಎತ್ತಿನ ಸಾಲು.

1799: ಚೀಲದಲ್ಲಿ ಇಲ್ಲದ ಅಕ್ಕಿ

ಏಳು ವರ್ಷದ ಮೇಲೆ ಮತ್ತೆ ಯುದ್ಧ. 1799ರ ಫೆಬ್ರುವರಿ 11ರಂದು ಜನರಲ್ ಹ್ಯಾರಿಸ್ ವೆಲ್ಲೂರಿನಿಂದ ಹೊರಟ. ಸುಮಾರು 21,000 ಮಂದಿ ಕಂಪನಿಯ ಯೋಧರು, ಅದರ ಜೊತೆ ನಿಜಾಮನ ಸೈನ್ಯ, ಅದಕ್ಕಿಂತ ಎಷ್ಟೋ ಪಾಲು ಹಿಂಬಾಲಕರು, ಹತ್ತಾರು ಸಾವಿರ ಎತ್ತುಗಳು. ನಡೆಯುವ ಪಟ್ಟಣವೇ ಅದು. ಅದೇ ಫೆಬ್ರುವರಿ 21ರಂದು ಜನರಲ್ ಸ್ಟುವರ್ಟ್ 6,420 ಮಂದಿಯೊಂದಿಗೆ ಕಣ್ಣೂರು ಬಿಟ್ಟು ಕೊಡಗಿನ ಘಟ್ಟ ಹತ್ತಿದ.

ಸ್ಟುವರ್ಟನ ಸೈನ್ಯ ಹ್ಯಾರಿಸನನ್ನು ಸೇರಿದ್ದು ಏಪ್ರಿಲ್ 14ರಂದು. ಸುಮಾರು ಐವತ್ತು ದಿನ. ಮೇಲಿನ ಲೆಕ್ಕದಂತೆ ಯೋಧರ ಅಕ್ಕಿಯೊಂದೇ ಮೂರು ಲಕ್ಷ ಇಪ್ಪತ್ತು ಸಾವಿರ ಸೇರು, ಅಂದರೆ 4,600 ಎತ್ತುಗಳ ಹೇರು. ಕುದುರೆ, ಹಿಂಬಾಲಕರು, ಎತ್ತುಗಳ ಪಾಲು ಬೇರೆ. ಇದೆಲ್ಲ ಕೊಡಗಿನದೇ ಅಲ್ಲ, ಒಂದಷ್ಟು ಕರಾವಳಿಯಿಂದ ಬಂದದ್ದು. ಆದರೂ ಗದ್ದೆ ಕಡಿಮೆ, ಕಾಡು ಹೆಚ್ಚು ಇರುವ ಚಿಕ್ಕ ನಾಡಿಗೆ ಇದು ಸಣ್ಣ ಹೊರೆಯಲ್ಲ. ಬತ್ತ ಕೂಡಿಸುವುದು, ಕುಟ್ಟಿ ಅಕ್ಕಿ ಮಾಡುವುದು, ಹೊರುವುದು, ದಾರಿ ಕಡಿಯುವುದು, ಎಲ್ಲಕ್ಕೂ ಜನ ಬೇಕು. ಜಮ್ಮಾ ಭೂಮಿ ಹಿಡಿದವರು ಕಂದಾಯದ ರಿಯಾಯಿತಿಗೆ ಪ್ರತಿಯಾಗಿ ರಾಜನ ಸೇವೆಗೆ ಬರಬೇಕೆಂಬ ಕಟ್ಟುಪಾಡಿದ್ದ ನಾಡು ಅದು. ಕೋವಿ ಹಿಡಿದವರ ಕಥೆಗಳು ಉಳಿದಿವೆ, ಗೋಣಿ ಹೊತ್ತವರ ಕಥೆಗಳು ಅಷ್ಟಾಗಿ ಉಳಿದಿಲ್ಲ.

ಎರಡು ಸೈನ್ಯ ಕೂಡುವ ಮೊದಲೇ ಚಿಕ್ಕದನ್ನು ಮುರಿಯಬೇಕೆಂದು ಟಿಪ್ಪು ಪಿರಿಯಾಪಟ್ಟಣದತ್ತ ಧಾವಿಸಿದ. ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಕರ್ನಲ್ ಮಾಂಟ್ರೆಸರನ ಮೂರು ಪಟಾಲಂಗಳು ಮುಂಗಾವಲಿಗಿದ್ದವು. ದಟ್ಟ ಕಾಡಾದ್ದರಿಂದ ಉಳಿದ ಸೈನ್ಯ ಹಲವು ಮೈಲಿ ಹಿಂದೆ ಬೀಡುಬಿಟ್ಟಿತ್ತು. ಕೊಡಗಿನಲ್ಲಿ ಕೂಡಿಟ್ಟ ದಿನಸಿಗೂ ಈ ಮುಂಗಾವಲೇ ರಕ್ಷೆ. ಬೆಟ್ಟದ ಮೇಲಿನಿಂದ ಟಿಪ್ಪುವಿನ ಡೇರೆಗಳನ್ನು ಕಂಡವರಲ್ಲಿ ವೀರರಾಜೇಂದ್ರನೂ ಇದ್ದ. ಮಾರ್ಚ್ 6ರಂದು ಮೈಸೂರು ಸೈನ್ಯ ಕಾಡಿನೊಳಗಿಂದ ನುಗ್ಗಿ ಮಾಂಟ್ರೆಸರನನ್ನು ಸುತ್ತುವರಿಯಿತು. ಸ್ಟುವರ್ಟ್ ಬಂದು ತಲುಪುವವರೆಗೆ ಗಂಟೆಗಟ್ಟಲೆ ಕಾದಾಟ ನಡೆದು ಕೊನೆಗೆ ಟಿಪ್ಪು ಹಿಮ್ಮೆಟ್ಟಿದ.

ಹ್ಯಾರಿಸ್ ಈ ಹೊತ್ತಿಗೆ ಮೈಸೂರು ಸೀಮೆಯೊಳಗೆ ಆಮೆಯಂತೆ ಸಾಗುತ್ತಿದ್ದ. ಎತ್ತುಗಳು ಸಾಯುತ್ತಿದ್ದವು, ಸಾಮಾನು ದಾರಿಯಲ್ಲೇ ಉಳಿಯುತ್ತಿತ್ತು. ಮಾರ್ಚ್ 27ರ ಮಳವಳ್ಳಿ ಕದನದ ನಂತರ ಅವನೊಂದು ಜಾಣತನ ಮಾಡಿದ. ಟಿಪ್ಪು ಹುಲ್ಲು ಸುಟ್ಟಿದ್ದ ನೇರ ದಾರಿ ಬಿಟ್ಟು, ಸೋಸಲೆಯ ಬಳಿ ಕಾವೇರಿ ದಾಟಿದ. ಆಚೆ ದಡಕ್ಕೆ ಬೆಂಕಿ ತಗುಲಿರಲಿಲ್ಲ. ಮೇವು, ದವಸ, ದನ ಸಿಕ್ಕವು. ಏಪ್ರಿಲ್ 5ರಂದು ಶ್ರೀರಂಗಪಟ್ಟಣದ ಮುಂದೆ ಬೀಡುಬಿಟ್ಟಾಗ ಯೋಧರಿಗೆ 33 ದಿನದ ಪೂರ್ತಿ ಪಡಿಯ ಅಕ್ಕಿ ಇದೆ ಎಂದು ಲೆಕ್ಕ ಹೇಳುತ್ತಿತ್ತು.

ಏಪ್ರಿಲ್ ಮಧ್ಯದಲ್ಲಿ, ಸ್ಟುವರ್ಟ್ ಬಂದು ಸೇರಿದ ಬೆನ್ನಲ್ಲೇ, ಚೀಲಗಳನ್ನು ಅಳೆದು ನೋಡಿದರು. ಉಳಿದದ್ದು ಅರ್ಧ ಪಡಿಯಲ್ಲಿ 18 ದಿನಕ್ಕೆ ಸಾಲುವಷ್ಟು ಮಾತ್ರ! ಅಂದರೆ ಪೂರ್ತಿ ಪಡಿಯಲ್ಲಿ ಒಂಬತ್ತೇ ದಿನ. ಹತ್ತು ಹನ್ನೊಂದು ದಿನ ಉಂಡ ಮೇಲೆ 22 ದಿನದ ಅಕ್ಕಿಯಾದರೂ ಇರಬೇಕಿತ್ತು. ಹನ್ನೆರಡು ಹದಿಮೂರು ದಿನದ ಅಕ್ಕಿ ಕಾಣೆ. ನಮ್ಮ ಲೆಕ್ಕಕ್ಕೆ ಹಿಡಿದರೆ ಎರಡೂವರೆ ಲಕ್ಷ ಸೇರು, ಮೂರೂವರೆ ಸಾವಿರ ಎತ್ತುಗಳ ಹೇರು. ದಾರಿಯಲ್ಲಿ ಸೋರಿದ್ದೋ, ಕದ್ದು ಮಾರಿದ್ದೋ? ಎರಡರಲ್ಲೊಂದು ಎಂದಷ್ಟೇ ಹ್ಯಾರಿಸ್ ಬರೆದಿಟ್ಟ. ಅಳೆಯದೆ ನಂಬಿದ ಪಟ್ಟಿ ಒಂದು ದಿನವಾದರೂ ಹೀಗೆ ಕೈಕೊಡುತ್ತದೆ.

ಅವನ ದಿನಚರಿಯಲ್ಲಿ ಕೊಡಗಿನ ಮಾತು ಬರುವುದು ಈ ಸಂಕಟದ ನಡುವೆ. ಕೊಡಗಿನಲ್ಲಿ ದಿನಸಿ ಧಾರಾಳವಾಗಿದೆ, ಆದರೆ ತರಲು ಕಾವಲು ಪಡೆ ಕಳುಹಿಸುವಂತಿಲ್ಲ ಎಂಬುದು ಅವನ ಅಳಲು. ಹೊರಗೆ ಟಿಪ್ಪುವಿನ ಸವಾರರು ಸುತ್ತುತ್ತಿದ್ದರು. ಮುತ್ತಿಗೆಯ ಸೈನ್ಯದಿಂದ ದೊಡ್ಡ ಪಡೆ ತೆಗೆದರೆ ಮುತ್ತಿಗೆಯೇ ಸಡಿಲ. ಕರ್ನಲ್ ರೀಡ್ ಬಾರಾಮಹಲ್ ಕಡೆಯಿಂದ ತರುತ್ತಿದ್ದ ದಿನಸಿಗಾಗಿ ಜನರಲ್ ಫ್ಲಾಯ್ಡನ ಕುದುರೆ ಪಡೆಯನ್ನು ಕಾವೇರಿಪುರದ ಕಣಿವೆಯತ್ತ ಕಳುಹಿಸಲಾಗಿತ್ತು. ಎರಡೆರಡು ದಿಕ್ಕಿಗೆ ಕಳುಹಿಸಲು ಸವಾರರಿರಲಿಲ್ಲ. ಹೀಗೆ ಮೂರು ನಾಲ್ಕು ದಿನದ ಹಾದಿಯ ಕೊಡಗಿನಲ್ಲಿ ಅಕ್ಕಿ, ಕೋಟೆಯ ಮುಂದೆ ಹಸಿವು.

ಆಮೇಲೆ ಮುತ್ತಿಗೆಯ ಗತಿಯನ್ನು ಹಸಿವೇ ನಡೆಸಿತು. ಮೇ ಮೊದಲ ವಾರದೊಳಗೆ ಕೋಟೆ ಬೀಳಬೇಕು, ಇಲ್ಲವೇ 1791ರ ಕಥೆ. ಮೇ 4ರ ಬೆಳಿಗ್ಗೆ ಡೇರೆಗೆ ಬಂದ ಕ್ಯಾಪ್ಟನ್ ಮಾಲ್ಕಂ ಹಗುರವಾಗಿ ಮಾತಾಡಿದಾಗ ಹ್ಯಾರಿಸ್ ಗಂಭೀರನಾಗಿ, ಬಾಗಿಲಲ್ಲಿ ಕಾವಲು ನಿಂತ ಐರೋಪ್ಯ ಸೈನಿಕನನ್ನು ತೋರಿಸಿ, ಊಟವಿಲ್ಲದೆ ಸೊರಗಿದ ಅವನನ್ನು ಒಬ್ಬ ಸಿಪಾಯಿ ಒಂದು ನೂಕಿಗೆ ಕೆಡಹಬಲ್ಲ ಎಂದನೆಂಬ ಪ್ರಸಂಗ ಪ್ರಸಿದ್ಧ. ಅಂದೇ ಮಧ್ಯಾಹ್ನ ಲಗ್ಗೆಯಾಯಿತು. ಟಿಪ್ಪು ಕೋಟೆಯೊಳಗೆ ಹೋರಾಡುತ್ತ ಮಡಿದ. ರೀಡನ ದಿನಸಿ ಬಂದು ಸೇರಿದ್ದು ಕೋಟೆ ಬಿದ್ದ ಮೇಲೆ. ಕೋಟೆಯ ಗೋಡೆ ಇನ್ನೊಂದು ವಾರ ತಡೆದಿದ್ದರೆ, ಅಥವಾ ಮಳೆ ಬೇಗ ಬಂದಿದ್ದರೆ?

ಋಣ ತೀರಿಸಿದ ಬಗೆ

ಕೊಡಗಿನ ಅಕ್ಕಿಗೆ ಸಿಕ್ಕ ಬೆಲೆ ಏನು? 1792ರ ಯುದ್ಧದ ನಂತರ ಕಂಪನಿಗೆ ವರ್ಷಕ್ಕೆ 24,000 ರೂಪಾಯಿ ಕಪ್ಪ ಕೊಡಲು ವೀರರಾಜೇಂದ್ರ ಒಪ್ಪಿದ್ದ. 1799ರ ಸಹಾಯಕ್ಕೆ ಮೆಚ್ಚಿ ಕಂಪನಿ ಆ ಕಪ್ಪ ಬಿಟ್ಟಿತು. ಬದಲಿಗೆ ವರ್ಷಕ್ಕೊಂದು ಆನೆ ಸಾಕೆಂದಿತು. ಯುದ್ಧದಲ್ಲಿ ರಾಜ ಮಾಡಿದ ವೆಚ್ಚಕ್ಕೆ ಪ್ರತಿಯಾಗಿ 1804ರಲ್ಲಿ ದಕ್ಷಿಣ ಕನ್ನಡದ ಪಂಜ, ಬೆಳ್ಳಾರೆ ಸೀಮೆಗಳನ್ನು ಬಿಟ್ಟುಕೊಟ್ಟಿತು. 1808ರಲ್ಲಿ ರಾಜ ಬರೆಸಿದ ‘ರಾಜೇಂದ್ರನಾಮೆ’ ಎಂಬ ಕನ್ನಡ ಗ್ರಂಥ ಈ ಸ್ನೇಹದ ಕಾಲದ್ದು.

ಆದರೆ ಸ್ನೇಹಿತನಾಗಿ ಬಂದ ದಂಡು ದಾರಿ, ನೀರಿನ ನೆಲೆ, ಕಣಜದ ಅಳತೆ ಎಲ್ಲವನ್ನೂ ತಿಳಿದುಕೊಂಡು ಹೋಗಿರುತ್ತದೆ. 1834ರಲ್ಲಿ ಚಿಕ್ಕವೀರರಾಜೇಂದ್ರನ ಮೇಲೆ ಕಂಪನಿ ನಾಲ್ಕು ದಿಕ್ಕಿನಿಂದ ಸೈನ್ಯ ಕಳುಹಿಸಿದಾಗ ಒಂದು ತುಕಡಿ ಹತ್ತಿದ್ದು ಅದೇ ಹೆಗ್ಗಳ ಘಟ್ಟ. ತಿಂಗಳೂ ಅದೇ: ಏಪ್ರಿಲ್. ಉತ್ತರದಿಂದ ಬಂದ ತುಕಡಿಗೆ ಕೊಡಗರು ಪೆಟ್ಟು ಕೊಟ್ಟರಾದರೂ ಏಪ್ರಿಲ್ 6ರಂದು ಮಡಿಕೇರಿ ಕಂಪನಿಯ ಕೈಸೇರಿತು. 10ರಂದು ರಾಜ ಶರಣಾದ. ಒಂದೇ ವಾರದ ಯುದ್ಧವಾದ್ದರಿಂದ ಹಸಿವಿಗೆ ಎಡೆಯೇ ಬರಲಿಲ್ಲ.

ಲೆಕ್ಕದ ಕೊನೆಯ ಸಾಲು ಬಿದ್ದದ್ದು ಪಂಜ, ಬೆಳ್ಳಾರೆ, ಸುಳ್ಯ, ಪುತ್ತೂರಿನ ರೈತರ ಮೇಲೆ. ಕೊಡಗಿನ ಪತನದ ನಂತರ ಈ ಸೀಮೆಗಳು ಮರಳಿ ಕೆನರಾ ಜಿಲ್ಲೆಗೆ ಸೇರಿದವು. ರಾಜರ ಕಾಲದಲ್ಲಿ ಇಲ್ಲಿ ಕಂದಾಯವನ್ನು ದವಸದ ರೂಪದಲ್ಲಿ ಕೊಡುವ ರೂಢಿಯಿತ್ತು. ರಾಜನ ಉಗ್ರಾಣ ತುಂಬುತ್ತಿದ್ದದ್ದು, ದಂಡು ಬಂದಾಗ ಹೊರೆಗಟ್ಟಲೆ ಅಕ್ಕಿ ಹೊರಬರುತ್ತಿದ್ದದ್ದು ಇಂಥ ರೂಢಿಯಿಂದ. ಕಂಪನಿಗೆ ಈಗ ಉಗ್ರಾಣ ಬೇಡವಾಗಿತ್ತು, ನಗದು ಬೇಕಿತ್ತು. ಬತ್ತ ಬೆಳೆದವನು ಅದನ್ನು ಸಿಕ್ಕ ಬೆಲೆಗೆ ಮಾರಿ ರೂಪಾಯಿ ತರಬೇಕಾಯಿತು. 1837ರ ಅಮರಸುಳ್ಯದ ದಂಗೆಗೆ ಇತಿಹಾಸಕಾರರು ಹೇಳುವ ಕಾರಣಗಳಲ್ಲಿ ಇದೂ ಒಂದು. ಏಪ್ರಿಲ್‌ನಲ್ಲಿ ದಂಗೆಯ ಜನ ಮಂಗಳೂರಿನವರೆಗೆ ಬಂದು ಕೆಲವು ದಿನ ಪಟ್ಟಣವನ್ನು ಹಿಡಿದಿದ್ದರು.

ಹಳೆಯ ಯುದ್ಧಗಳನ್ನು ಹಾಸಿನ ಮೇಲೆ ಆಡುವವರಿಗೆ ಈ ದಾರಿಯಿಂದ ಕೆಲವು ನಿಯಮಗಳನ್ನು ತೆಗೆದುಕೊಡಬಹುದು. ಯೋಧರನ್ನಲ್ಲ, ಬಾಯಿಗಳನ್ನು ಎಣಿಸಬೇಕು. ಕುದುರೆಯನ್ನು ಕಾಲಾಳಿನ ನಾಲ್ಕರಷ್ಟು ಎಂದು ಹಿಡಿಯಬೇಕು. ದೂರವನ್ನು ಮೈಲಿಯಲ್ಲಿ ಅಳೆಯದೆ ಹುಲ್ಲಿರುವ ದಿನ, ಹುಲ್ಲಿಲ್ಲದ ದಿನ ಎಂದು ಅಳೆಯಬೇಕು. ಪಟ್ಟಿಯಲ್ಲಿರುವ ಅಕ್ಕಿಯಲ್ಲಿ ಒಂದು ಪಾಲು ಚೀಲದಲ್ಲಿರುವುದಿಲ್ಲ ಎಂದು ಮೊದಲೇ ಕಳೆಯಬೇಕು. ಮಳೆ ಬೀಳುವ ದಿನ ಆಟ ಮುಗಿಯಬೇಕು. ಇನ್ನೊಂದು ಅಂಕಿಗೆ ಮಾತ್ರ ಯಾವ ಹಾಸಿನಲ್ಲೂ ಇದುವರೆಗೆ ಮನೆ ಸಿಕ್ಕಿಲ್ಲ: ದಂಡು ತಿಂದು ಹೋದ ವರ್ಷ, ಮುಂದಿನ ಪುತ್ತರಿಯವರೆಗೆ, ಆ ದಾರಿಯ ಮನೆಗಳಲ್ಲಿ ಏನು ಉಳಿದಿತ್ತು ಎಂಬುದು.